ಶಕುಂತಲಾ ದೇವಿಯ ಓದದೇ ಉಳಿದ ಪುಸ್ತಕ

ಬೆಂಗಳೂರಿನ ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಅಬಾಕಸ್, ವೇದಗಣಿತದ ಟ್ಯೂಷನ್ ಬೋರ್ಡುಗಳಿಗೆ ಬರವಿಲ್ಲ. ಹದಿನೇಳರ ಮಗ್ಗಿಯನ್ನು ತಡವರಿಸದೆ ಒಪ್ಪಿಸಿದ ಮೊಮ್ಮಗಳನ್ನು ‘ನಮ್ಮನೆ ಶಕುಂತಲಾ ದೇವಿ’ ಎಂದು ಹೊಗಳುವ ಅಜ್ಜಿಯರು ಇಲ್ಲಿ ಇನ್ನೂ ಇದ್ದಾರೆ. ಎಂಬತ್ತು–ತೊಂಬತ್ತರ ದಶಕದಲ್ಲಿ ಈ ಬಡಾವಣೆಯ ಮಧ್ಯಮ ವರ್ಗದ ಮನೆಗಳಲ್ಲಿ ದೂರದರ್ಶನದ ಮುಂದೆ ಕೂತವರಿಗೆ ರೇಷ್ಮೆ ಸೀರೆ, ಹಣೆತುಂಬ ಕುಂಕುಮ, ತುಟಿಯಲ್ಲಿ ತುಂಟ ನಗುವಿದ್ದ ಆ ಹೆಂಗಸು ಪರಿಚಯದ ಮುಖ. ಅವರ ‘ಪಜಲ್ಸ್ ಟು ಪಜಲ್ ಯೂ’ ಹುಟ್ಟುಹಬ್ಬದ ಉಡುಗೊರೆಯಾಗಿ ಕೈಯಿಂದ ಕೈಗೆ ಹೋಗುತ್ತಿತ್ತು. ಅವರೇ ಬರೆದ ಇನ್ನೊಂದು ಪುಸ್ತಕವನ್ನು ಯಾವ ಮಾವನೂ ಯಾವ ಸೋದರಳಿಯನಿಗೂ ಉಡುಗೊರೆ ಕೊಟ್ಟಿರಲಾರ. 1977ರಲ್ಲಿ ದೆಹಲಿಯ ವಿಕಾಸ್ ಪಬ್ಲಿಷಿಂಗ್ ಹೌಸ್ ಹೊರತಂದ ಆ ಪುಸ್ತಕದ ಹೆಸರು ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’.

ಸಲಿಂಗಿಗಳ ಬದುಕಿನ ಬಗ್ಗೆ ಸ್ವತಂತ್ರ ಭಾರತದಲ್ಲಿ ಬಂದ ಮೊದಲ ಪೂರ್ಣಪ್ರಮಾಣದ ಅಧ್ಯಯನವೆಂದು ಇದನ್ನು ಗುರುತಿಸುತ್ತಾರೆ. ಬರೆದವರು ಬೆಂಗಳೂರಿನಲ್ಲಿ, ಕನ್ನಡ ಮಾತಾಡುವ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ, ಶಾಲೆಯ ಶಿಕ್ಷಣ ದಕ್ಕದೇ ಹೋದ ಹೆಣ್ಣುಮಗಳು. ಆಗ ಜಾರಿಯಲ್ಲಿದ್ದದ್ದು ಬ್ರಿಟಿಷರು 1860ರಲ್ಲಿ ಮಾಡಿಟ್ಟುಹೋದ ದಂಡಸಂಹಿತೆಯ 377ನೇ ಕಲಂ. ಸಲಿಂಗಕಾಮ ಅದರಡಿ ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದಾಗಿದ್ದ ಅಪರಾಧ. ಮುಂಬೈಯಿಂದ ಸಲಿಂಗಿಗಳ ‘ಬಾಂಬೆ ದೋಸ್ತ್’ ಪತ್ರಿಕೆ ಹೊರಡಲು ಇನ್ನೂ 13 ವರ್ಷವಿತ್ತು. ದೆಹಲಿಯ ಎಬಿವಿಎ (ಏಡ್ಸ್ ಭೇದಭಾವ್ ವಿರೋಧಿ ಆಂದೋಲನ್) ಸಂಘಟನೆಯ ‘ಲೆಸ್ ದ್ಯಾನ್ ಗೇ’ ವರದಿ ಬರಲು 14 ವರ್ಷ. ಸಲಿಂಗಿಗಳ ಪರವಾಗಿ ಹೆಸರು ಹಾಕಿ ಮಾತಾಡುವವರೇ ಇಲ್ಲದ ಕಾಲದಲ್ಲಿ, ದೇಶವಿಡೀ ಗುರುತಿಸುವ ಒಬ್ಬ ಹೆಂಗಸು ಮುಖಪುಟದ ಮೇಲೆ ತನ್ನ ಹೆಸರು ಅಚ್ಚು ಹಾಕಿಸಿದ್ದರು.

1977 ಶಕುಂತಲಾ ದೇವಿಯವರ ಪಾಲಿಗೆ ಮಾಮೂಲಿ ವರ್ಷವೇನಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿರುವ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದ್ದು ಆ ವರ್ಷ. ಉತ್ತರ 546372891. ಅದು ಸರಿಯೇ ಎಂದು ನೋಡಲು ಯೂನಿವ್ಯಾಕ್ ಕಂಪ್ಯೂಟರಿಗೆ ಪ್ರತ್ಯೇಕ ಪ್ರೋಗ್ರಾಂ ಬರೆಯಬೇಕಾಯಿತು. ಅವರ ಜನಪ್ರಿಯ ಗಣಿತ ಪುಸ್ತಕ ‘ಫಿಗರಿಂಗ್’ ಹೊರಬಂದದ್ದೂ ಅದೇ ವರ್ಷ. ಇಲ್ಲಿ ತುರ್ತುಪರಿಸ್ಥಿತಿ ಮುಗಿದು ಜನ ಉಸಿರುಬಿಟ್ಟಿದ್ದರು. ಅಲ್ಲಿ ಫ್ಲಾರಿಡಾದಲ್ಲಿ ಅನಿತಾ ಬ್ರಯಂಟ್ ಎಂಬ ಗಾಯಕಿ ಸಲಿಂಗಿಗಳಿಗೆ ಸಿಕ್ಕಿದ್ದ ಸ್ಥಳೀಯ ಕಾನೂನಿನ ರಕ್ಷಣೆಯನ್ನು ಕಿತ್ತುಹಾಕಿಸುವ ಚಳವಳಿ ನಡೆಸಿ ಗೆದ್ದಿದ್ದರು. ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಗರಾಡಳಿತಕ್ಕೆ, ತಾನು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ಹಾರ್ವಿ ಮಿಲ್ಕ್ ಆಯ್ಕೆಯಾದರು. ದೇಶವಿದೇಶ ಸುತ್ತುತ್ತ ಪ್ರದರ್ಶನ ಕೊಡುತ್ತಿದ್ದ ನಮ್ಮ ಗಣಿತಗಾರ್ತಿಗೆ ಆ ಗಲಾಟೆಯೆಲ್ಲ ಕಿವಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ.

ಅವರ ಹಿನ್ನೆಲೆ ನೋಡಿದರೆ ಅಂಥ ಪುಸ್ತಕಕ್ಕೆ ಅವರು ಕೈಹಾಕಿದ್ದು ನನಗೆ ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ಹುಟ್ಟಿದ್ದು 1929ರ ನವೆಂಬರ್ 4ರಂದು. ಅಪ್ಪ ಪೌರೋಹಿತ್ಯ ಒಲ್ಲೆನೆಂದು ಸರ್ಕಸ್ ಸೇರಿದವರು. ಜೋಕಾಲಿಯಾಟ, ಹಗ್ಗದ ಮೇಲಿನ ನಡಿಗೆ, ಸಿಂಹ ಪಳಗಿಸುವುದು, ಜಾದೂ ಎಲ್ಲವನ್ನೂ ಮಾಡಿದವರು. ಮೂರು ವರ್ಷದ ಮಗಳು ಇಸ್ಪೀಟು ಎಲೆಗಳ ಆಟದಲ್ಲಿ ತನ್ನನ್ನು ಸೋಲಿಸುತ್ತಿರುವುದು ಕೈಚಳಕದಿಂದಲ್ಲ, ಎಲೆಗಳನ್ನೆಲ್ಲ ನೆನಪಿಟ್ಟುಕೊಂಡು ಎಂದು ಅವರಿಗೆ ಗೊತ್ತಾಯಿತು. ಸರ್ಕಸ್ ಬಿಟ್ಟು ಮಗಳನ್ನೇ ಊರೂರಿಗೆ ಕರೆದೊಯ್ದು ಬೀದಿ ಪ್ರದರ್ಶನ ಶುರುಮಾಡಿದರು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ. 1944ರಲ್ಲಿ ಅಪ್ಪನ ಜೊತೆ ಲಂಡನ್ನಿಗೆ. ಮನೆಯ ಅಕ್ಕಿ ಬೇಳೆ ಮಗುವಿನ ಲೆಕ್ಕದಿಂದ ಬರುತ್ತಿದ್ದ ಬಾಲ್ಯ ಅದು. ಮುಂದೆ 1988ರಲ್ಲಿ ಬರ್ಕ್ಲಿಯ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದಾಗ, ತಾನು ಪ್ರಶ್ನೆಯನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುವ ಮೊದಲೇ ಉತ್ತರ ಬರುತ್ತಿತ್ತು ಎಂದು ದಾಖಲಿಸಿದ್ದಾರೆ. ಜನ ಅವರನ್ನು ‘ಮಾನವ ಕಂಪ್ಯೂಟರ್’ ಎಂದು ಕರೆದರು. ಅವರಿಗೆ ಅದು ಇಷ್ಟವಿರಲಿಲ್ಲ, ಮನುಷ್ಯರ ಮಿದುಳು ಯಂತ್ರಕ್ಕಿಂತ ದೊಡ್ಡದು ಎನ್ನುತ್ತಿದ್ದರು. ಹುಟ್ಟಿನಿಂದಲೇ ಬೇರೆಯವರ ಹಾಗಿಲ್ಲದ, ಆ ಕಾರಣಕ್ಕೇ ಜನ ಗುಂಪುಗಟ್ಟಿ ನೋಡುವ ಜೀವವೊಂದು, ಬೇರೆಯವರ ಹಾಗಿಲ್ಲದ ಇನ್ನೊಂದು ಗುಂಪಿನ ಬಗ್ಗೆ ಬರೆಯಿತು. ಇದು ನನ್ನ ಊಹೆ. ಅವರು ಹಾಗೆ ಹೇಳಿಕೊಂಡವರಲ್ಲ.

ಅವರು ಹೇಳಿಕೊಂಡ ಕಾರಣ ಬೇರೆ, ತಕರಾರಿನದು. ಅರವತ್ತರ ದಶಕದಲ್ಲಿ ಭಾರತಕ್ಕೆ ಮರಳಿ ಕೋಲ್ಕತ್ತಾದ ಐಎಎಸ್ ಅಧಿಕಾರಿಯೊಬ್ಬರನ್ನು ಮದುವೆಯಾದರು, ಒಬ್ಬಳು ಮಗಳು, 1979ರಲ್ಲಿ ವಿಚ್ಛೇದನ. 2001ರ ‘ಫಾರ್ ಸ್ಟ್ರೇಟ್ಸ್ ಓನ್ಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರು, ತನ್ನ ಗಂಡ ಸಲಿಂಗಿಯಾಗಿದ್ದ, ಅದನ್ನು ಅರ್ಥಮಾಡಿಕೊಳ್ಳುವ ಪ್ರಯತ್ನವೇ ಈ ವಿಷಯದ ಕಡೆಗೆ ತನ್ನನ್ನು ತಂದಿತು ಎಂಬ ಅರ್ಥದಲ್ಲಿ ಮಾತಾಡಿದರು. ಮಗಳ ನೆನಪುಗಳನ್ನು ಆಧರಿಸಿ 2020ರಲ್ಲಿ ಬಂದ, ವಿದ್ಯಾ ಬಾಲನ್ ನಟಿಸಿದ ಚಲನಚಿತ್ರ ಇದನ್ನೇ ತಿರುಗುಮುರುಗಾಗಿ ತೋರಿಸುತ್ತದೆ: ಪುಸ್ತಕಕ್ಕೆ ತೂಕ ಬರಲಿ ಎಂದು ಆಕೆ ಗಂಡನ ಮೇಲೆ ಹಾಗೆ ಹೇಳಿಬಿಟ್ಟರು ಎನ್ನುತ್ತದೆ. ಎರಡರಲ್ಲಿ ಯಾವುದು ನಿಜ ಎಂದು ತೀರ್ಮಾನಿಸುವ ಕೆಲಸ ಹೊರಗಿನವರದಲ್ಲ. ಆ ಗಂಡನ ಹೆಸರು ಎಲ್ಲ ಕಡೆ ಸಿಗುತ್ತದೆ, ಆದರೂ ಇಲ್ಲಿ ಬರೆದಿಲ್ಲ. ಒಬ್ಬ ಮನುಷ್ಯನ ಪರವಾಗಿ ಬೇರೆ ಯಾರೋ ‘ಅವನು ಹೀಗೆ’ ಎಂದು ಊರಿಗೆ ಸಾರುವುದು ಎಷ್ಟು ದೊಡ್ಡ ಹಿಂಸೆ ಎಂಬುದನ್ನು ಆಮೇಲಿನ ಚಳವಳಿ ನಮಗೆ ಕಲಿಸಿದೆ. ಆ ಅಳತೆಯಲ್ಲಿ ಶಕುಂತಲಾ ದೇವಿಯವರು ಸೋಲುತ್ತಾರೆ. ಪುಸ್ತಕ ಮಾತ್ರ ಆ ಜಗಳಕ್ಕಿಂತ ದೊಡ್ಡದು.

ಮುನ್ನುಡಿಯಲ್ಲೇ ಅವರು ತಮ್ಮ ಯೋಗ್ಯತೆಯ ಪ್ರಶ್ನೆ ಎತ್ತಿಕೊಳ್ಳುತ್ತಾರೆ. ತಾನು ಸಲಿಂಗಿಯಲ್ಲ, ಸಮಾಜವಿಜ್ಞಾನಿಯೂ ಅಲ್ಲ, ಮನೋವೈದ್ಯೆಯೂ ಅಲ್ಲ. ಮನುಷ್ಯಳಾಗಿರುವುದೊಂದೇ ಈ ಪುಸ್ತಕ ಬರೆಯಲು ತನಗಿರುವ ಅರ್ಹತೆ ಎನ್ನುತ್ತಾರೆ. ಅರ್ಧ ಅಡಗಿಕೊಂಡೇ ಬದುಕು ಸವೆಸಬೇಕಾದ ಅಲ್ಪಸಂಖ್ಯಾತರು ಇವರು, ಸರಾಸರಿಗೆ ಹೊಂದದ ಯಾವುದಕ್ಕೂ ಈ ಸಮಾಜದಲ್ಲಿ ಕರುಣೆಯಿಲ್ಲ ಎಂಬುದು ಅವರ ಆರೋಪ. ಕಾಯಿಲೆ, ಪಾಪ, ಅಪರಾಧ ಎಂಬ ಮೂರು ಚೌಕಟ್ಟುಗಳಲ್ಲೇ ಲೋಕ ಈ ವಿಷಯವನ್ನು ನೋಡುತ್ತಿದ್ದ ಕಾಲದಲ್ಲಿ ‘ಅಲ್ಪಸಂಖ್ಯಾತರು’ ಎಂಬ ರಾಜಕೀಯ ಚೌಕಟ್ಟನ್ನು ತಂದದ್ದು ಸಣ್ಣ ಮಾತಲ್ಲ. ಅಮೆರಿಕದ ಮನೋವೈದ್ಯರ ಸಂಘವೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದು ಆಗಿನ್ನೂ ನಾಲ್ಕು ವರ್ಷವಾಗಿತ್ತಷ್ಟೆ.

ಒಳಗೆ ಏನಿದೆ? ಆ ಹೊತ್ತಿಗೆ ಲಭ್ಯವಿದ್ದ ಸಂಶೋಧನೆಗಳ ಸಮೀಕ್ಷೆಯಿದೆ, ಅದು ಈಗ ಹಳತಾಗಿದೆ, ಬೇಗ ದಾಟಿ ಹೋಗಬಹುದು. ಈಗಲೂ ಮಾಸದೇ ಇರುವುದು ಸಂದರ್ಶನಗಳು. ಭಾರತದ ಇಬ್ಬರು ತರುಣರು ತಮ್ಮ ಬಗ್ಗೆ ತಾವೇ ಮಾತಾಡುತ್ತಾರೆ. ಕಾನೂನುಬದ್ಧ ಮದುವೆಗಾಗಿ ಓಡಾಡುತ್ತಿದ್ದ ಕೆನಡಾದ ಒಂದು ಗಂಡುಜೋಡಿ ಮಾತಾಡುತ್ತದೆ. ಎಲ್ಲಕ್ಕಿಂತ ಅಚ್ಚರಿಯದು ಶ್ರೀರಂಗದ ವೈಷ್ಣವ ದೇವಸ್ಥಾನದ ಅರ್ಚಕರೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಶ್ರೀನಿವಾಸ ರಾಘವಾಚಾರ್ಯರ ಸಂದರ್ಶನ. ಈ ಜನ್ಮದಲ್ಲಿ ಒಂದೇ ಲಿಂಗದವರಾಗಿ ಪ್ರೀತಿಸುವವರು ಹಿಂದಿನ ಜನ್ಮದಲ್ಲಿ ಗಂಡು–ಹೆಣ್ಣಾಗಿ ಪ್ರೀತಿಸಿದವರಿರಬೇಕು. ದೇಹದ ಲಿಂಗ ಬದಲಾದರೂ ಆತ್ಮದ ಸೆಳೆತ ಉಳಿದಿರುತ್ತದೆ ಎಂಬುದು ಆ ಹಿರಿಯರ ವಿವರಣೆ. ನಮ್ಮಲ್ಲಿ ಮದುವೆಯ ಗಂಟು ಏಳೇಳು ಜನ್ಮದ್ದು ಎಂದು ಲಗ್ನಮಂಟಪದಲ್ಲಿ ಸಲೀಸಾಗಿ ಹೇಳುತ್ತೇವಲ್ಲ, ಅದೇ ತರ್ಕವನ್ನು ಆ ಅರ್ಚಕರು ಹಿಂಜರಿಯದೆ ಮುಂದುವರಿಸಿದ್ದರು. ಪಶ್ಚಿಮದ ಪ್ರಗತಿಪರ ವಾದಗಳನ್ನು ತಂದು ಸುರಿಯುವ ಬದಲು ಶಕುಂತಲಾ ದೇವಿಯವರಿಗೆ ಒಬ್ಬ ಅರ್ಚಕರನ್ನು ಕೇಳಬೇಕು ಅನ್ನಿಸಿತಲ್ಲ, ಅಲ್ಲಿ ನನಗೆ ಆ ಲೇಖಕಿಯ ಬುದ್ಧಿ ಕಾಣುತ್ತದೆ. ಪುರೋಹಿತ ಮನೆತನದಿಂದ ಬಂದ ಹೆಂಗಸಿಗೆ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿತ್ತು.

ಕೊನೆಗೆ ಅವರು ಕೇಳಿದ್ದು ಎರಡು. ಕಾನೂನು ಇದನ್ನು ಅಪರಾಧವೆನ್ನುವುದನ್ನು ನಿಲ್ಲಿಸಬೇಕು. ಅದು ಸಾಲದು; ಸಮಾಜ ಇವರನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು. ಸಹಿಸಿಕೊಂಡರೆ ಆಗದು, ಅನುಕಂಪ ತೋರಿದರೂ ಆಗದು.

ಈಗ ಆ ಕಾಲದ ಕರ್ನಾಟಕವನ್ನು ನೆನೆಯಿರಿ. ಬಸವೇಶ್ವರನಗರದಲ್ಲಿ ಹಾವನೂರು ವೃತ್ತವಿದೆ. ದಿನಾ ಅದನ್ನು ದಾಟುವ ಎಷ್ಟು ಜನಕ್ಕೆ ಎಲ್.ಜಿ. ಹಾವನೂರರ ನೆನಪಿದೆಯೋ ತಿಳಿಯದು. ಅವರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ವರದಿ ಕೊಟ್ಟದ್ದು 1975ರ ನವೆಂಬರಿನಲ್ಲಿ. ದೇವರಾಜ ಅರಸರ ಭೂಸುಧಾರಣೆ ಜಾರಿಯಲ್ಲಿತ್ತು, ದಲಿತ ಸಂಘರ್ಷ ಸಮಿತಿ ಬೇರುಬಿಡುತ್ತಿತ್ತು, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಹೊತ್ತು ಹತ್ತಿರದಲ್ಲೇ ಇತ್ತು. ಯಾರನ್ನು ಹೊರಗಿಟ್ಟಿದ್ದೇವೆ, ಯಾರಿಗೆ ಪಾಲು ಬಂದಿಲ್ಲ ಎಂದು ಹಳ್ಳಿಯ ಕಟ್ಟೆಯಿಂದ ವಿಧಾನಸೌಧದವರೆಗೆ ಎಲ್ಲರೂ ಲೆಕ್ಕ ಹಾಕುತ್ತಿದ್ದ ದಶಕ. ಅಷ್ಟು ತೀವ್ರವಾದ ಚರ್ಚೆಯಲ್ಲೂ ಈ ಒಂದು ಗುಂಪಿನ ಹೆಸರು ಬರಲಿಲ್ಲ. ಹಾಗೆ ಬಿಟ್ಟುಹೋದವರ ಲೆಕ್ಕವನ್ನು ಬೆಂಗಳೂರಿನ ಮಗಳೊಬ್ಬಳು ಇಂಗ್ಲಿಷಿನಲ್ಲಿ ಬರೆದಿದ್ದಳು. ನಮ್ಮ ಚಿಂತಕರ ಮೇಜಿಗೆ ಅದು ತಲುಪಲಿಲ್ಲ. ಗಣಿತದ ಜಾದೂಗಾರ್ತಿ ಬರೆದ ಪುಸ್ತಕವನ್ನು ಗಂಭೀರವಾಗಿ ತೆಗೆದುಕೊಳ್ಳುವ ವಿಮರ್ಶಕರು ಆಗ ಎಲ್ಲಿದ್ದರು?

ಪುಸ್ತಕ ಸದ್ದಿಲ್ಲದೆ ಮುದ್ರಣದಿಂದ ಮರೆಯಾಯಿತು. ಬರೆದವರೂ ಬೇರೆ ಹಾದಿ ಹಿಡಿದರು. 1980ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಲ್ಲೂ, ಇಂದಿರಾ ಗಾಂಧಿಯವರ ಎದುರು ಮೇದಕ್‌ನಲ್ಲೂ ಪಕ್ಷೇತರರಾಗಿ ನಿಂತರು. ಇಂದಿರಾ 1978ರಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ರಾಜಕೀಯ ಮರುಜನ್ಮ ಪಡೆದಿದ್ದವರು. ಮೇದಕ್‌ನಲ್ಲಿ ಶಕುಂತಲಾ ದೇವಿಗೆ ಸಿಕ್ಕಿದ್ದು 6,514 ಮತ, ಒಂಬತ್ತನೇ ಸ್ಥಾನ. ಅದೇ ವರ್ಷದ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಗಿನ್ನೆಸ್ ದಾಖಲೆ ಬರೆದರು. ಆಮೇಲೆ ಬೆಂಗಳೂರಿಗೆ ಮರಳಿ ಜ್ಯೋತಿಷ್ಯ ಹೇಳಿದರು, ಮಕ್ಕಳಿಗೆ ಗಣಿತದ ಪುಸ್ತಕ ಬರೆದರು. ಸಂಘಟನೆ ಕಟ್ಟಲಿಲ್ಲ, ಮೆರವಣಿಗೆ ಮಾಡಲಿಲ್ಲ, ಕೋರ್ಟಿಗೆ ಹೋಗಲಿಲ್ಲ. ಹಾಗಾಗಿ ಅವರನ್ನು ‘ಹೋರಾಟಗಾರ್ತಿ’ ಎನ್ನಲು ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೂ ಸರಿ. ಆದರೆ ಹೋರಾಟಗಾರರೆಲ್ಲ ಮುಂದೆ ಕೇಳಿದ್ದನ್ನು ಅವರು ಮೊದಲೇ ಕೇಳಿದ್ದರು.

ಹೋರಾಟ ಅವರ ಊರಲ್ಲೇ ಹುಟ್ಟಿತು, ಅವರನ್ನು ಕೇಳದೆಯೇ. 1994ರಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಬೆಂಬಲ ಗುಂಪು ಬೆಂಗಳೂರಿನಲ್ಲಿ ಶುರುವಾಯಿತು. ವಾರಕ್ಕೊಮ್ಮೆ ಸೇರಿ ತಮ್ಮವರ ಜೊತೆ ಹೆದರದೆ ಮಾತಾಡುವುದೇ ಅದರ ಮುಖ್ಯ ಕೆಲಸ. 1997ರಲ್ಲಿ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಲಿಂಗಿಗಳ ಹಕ್ಕುಗಳ ಬಗ್ಗೆ ವಿಚಾರಸಂಕಿರಣ ನಡೆಯಿತು. ಬಸವೇಶ್ವರನಗರದಿಂದ ನಾಗರಭಾವಿ ಎಷ್ಟು ದೂರ, ವಿಜಯನಗರ ದಾಟಿದರೆ ಬಂತು. ನಗರದ ಈ ಪಶ್ಚಿಮ ದಿಕ್ಕಿನ ಮನೆಗಳಿಗೆ ಆ ಸುದ್ದಿ ಎಷ್ಟು ಮುಟ್ಟಿತೋ. 1999ರಲ್ಲಿ ಮನೋಹರ್ ಎಳವರ್ತಿ ‘ಸಂಗಮ’ ಸಂಘಟನೆ ಕಟ್ಟಿದರು. ಅದೇ ಹೊತ್ತಿಗೆ ವಿನಯ್ ಚಂದ್ರನ್ ಅವರ ‘ಸ್ವಭಾವ’ ಟ್ರಸ್ಟ್ ‘ಸಹಾಯ’ ಎಂಬ ಫೋನ್ ಸಹಾಯವಾಣಿ ನಡೆಸತೊಡಗಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ತಂದ ವರದಿ ಪೊಲೀಸರ ಸುಲಿಗೆ, ಮನೆಯವರ ಹೊಡೆತ, ಕಬ್ಬನ್ ಪಾರ್ಕಿನ ಬೆದರಿಕೆಗಳನ್ನು ದಾಖಲಿಸಿತು. 2003ರಲ್ಲಿ ಕೋತಿ (ಹೆಣ್ಣಿನ ಹಾವಭಾವದ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು) ಮತ್ತು ಹಿಜ್ರಾ ಲೈಂಗಿಕ ಕಾರ್ಮಿಕರ ಮೇಲಿನ ದೌರ್ಜನ್ಯದ ಬಗ್ಗೆ ಇನ್ನೊಂದು ವರದಿ ಬಂತು.

ಈ ಎರಡನೇ ವರದಿ ನನಗೆ ಮುಖ್ಯ ಅನ್ನಿಸುವುದು ಒಂದು ಕಾರಣಕ್ಕೆ. ಶಕುಂತಲಾ ದೇವಿಯವರ ಪುಸ್ತಕದ ಲೋಕ ಇಂಗ್ಲಿಷ್ ಬಲ್ಲ, ಸಂದರ್ಶನ ಕೊಡಬಲ್ಲ ಗಂಡಸರದು. ಬೆಂಗಳೂರಿನ ಚಳವಳಿ ಬೇಗನೆ ಅದನ್ನು ದಾಟಿ ಮೆಜೆಸ್ಟಿಕ್‌ನಲ್ಲಿ, ಸಿಗ್ನಲ್‌ಗಳಲ್ಲಿ, ಜಿಲ್ಲಾ ಕೇಂದ್ರಗಳಲ್ಲಿ ನಿಂತವರ ಬಳಿಗೆ ಹೋಯಿತು, ಕನ್ನಡದಲ್ಲಿ ಮಾತಾಡಿತು. ಸಂಗಮದಲ್ಲಿ ಕೆಲಸ ಮಾಡಿದ, ಹಿಜ್ರಾ ಸಮುದಾಯದ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಅದು ರಂಗಕ್ಕೂ ಬಂತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿಯವರಿಗೆ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಸಂಗಮ ಹೈಕೋರ್ಟಿನಲ್ಲಿ ಹೂಡಿದ ದಾವೆಯ ನಂತರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕವಾಯಿತು. ಹಾವನೂರು ವರದಿಯ ಪುಟಗಳಿಗೆ ನಾಲ್ಕೂವರೆ ದಶಕ ತಡವಾಗಿ ಸೇರಿದ ಒಂದು ಸಾಲು ಎನ್ನಬಹುದು.

ಸಲಿಂಗಿ ಗಂಡಸಿನ ಬದುಕು ಕನ್ನಡ ಕಥೆಯೊಳಗೆ ಸಂಕೋಚವಿಲ್ಲದೆ ಬಂದದ್ದು ವಸುಧೇಂದ್ರರ ‘ಮೋಹನಸ್ವಾಮಿ’ಯಿಂದ. ಅದರ ಮೊದಲ ಕಥೆಯನ್ನು ಅವರು ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದರು. ಸಂಕಲನ ಅವರ ಸ್ವಂತ ಹೆಸರಿನಲ್ಲೇ 2013ರಲ್ಲಿ ಬಂತು. ಆ ವರ್ಷದ ಏಪ್ರಿಲ್ 21ರಂದು ಶಕುಂತಲಾ ದೇವಿ ಬೆಂಗಳೂರಿನಲ್ಲೇ ತೀರಿಕೊಂಡರು, ಆಗ ಅವರಿಗೆ 83. ಪತ್ರಿಕೆಗಳ ಶ್ರದ್ಧಾಂಜಲಿಗಳಲ್ಲಿ 201 ಅಂಕಿಯೂ 28 ಸೆಕೆಂಡೂ ಎದ್ದು ಕಂಡವು. ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟು 2009ರಲ್ಲಿ ತೆಗೆದಿದ್ದ 377ರ ಕುಣಿಕೆಯನ್ನು ಮತ್ತೆ ತಂದು ಹಾಕಿತು. ಇಂಥವರ ಸಂಖ್ಯೆ ಅತ್ಯಲ್ಪ ಎಂಬುದು ಆ ತೀರ್ಪಿನಲ್ಲಿ ಹೇಳಿದ ಕಾರಣಗಳಲ್ಲೊಂದು. ಸರಾಸರಿಗೆ ಹೊಂದದವರ ಮೇಲೆ ಸಮಾಜ ತೋರುವ ನಿರ್ದಯೆಯ ಬಗ್ಗೆ ಸಂಖ್ಯೆಗಳನ್ನೇ ಉಂಡು ಬೆಳೆದ ಹೆಂಗಸು ಎಚ್ಚರಿಸಿ ಆಗ 36 ವರ್ಷವಾಗಿತ್ತು.

ಮದುವೆಯ ಮಾತಿಗೆ ಬರೋಣ, ಯಾಕೆಂದರೆ ಬಸವೇಶ್ವರನಗರದಂಥ ಬಡಾವಣೆಗೆ ಈ ಕಥೆ ತಗಲುವುದು ಅಲ್ಲಿ. ಪೊಲೀಸರ ಲಾಠಿ ಇಂಥ ಮನೆಗಳವರೆಗೆ ಬರುವುದು ಕಡಿಮೆ, ಜಾತಕ ಬರುತ್ತದೆ. ಮಗನಿಗೆ ಇಪ್ಪತ್ತೆಂಟು ದಾಟುತ್ತಿದ್ದಂತೆ ‘ಇನ್ನೂ ಯಾವಾಗ’ ಎಂದು ಎದುರು ಮನೆಯವರಿಂದ ಹಿಡಿದು ದೇವಸ್ಥಾನದಲ್ಲಿ ಸಿಕ್ಕವರವರೆಗೆ ಕೇಳುತ್ತಾರೆ. ಹೇಳಲಾರದ ಹುಡುಗ ತಲೆಯಾಡಿಸುತ್ತಾನೆ. ಮಂಟಪದಲ್ಲಿ ಅವನ ಪಕ್ಕ ಕೂತ ಹುಡುಗಿಗೆ ಏನೂ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾಳೆ. ಆಪ್ತಸಲಹೆ ಮಾಡುವವರಿಗೆ ಇದು ಹೊಸದೇನಲ್ಲ. ಹೆಂಗಸನ್ನೇ ಪ್ರೀತಿಸುವ ಹೆಂಗಸಿನ ಪಾಡು ಇನ್ನೂ ಬಿಗಿ, ಅವಳಿಗೆ ‘ಒಂದೆರಡು ವರ್ಷ ಬಿಡಿ’ ಎನ್ನುವ ಅವಕಾಶವೂ ಇಲ್ಲ. ಶಕುಂತಲಾ ದೇವಿ ತಮ್ಮ ಮದುವೆಯ ಬಗ್ಗೆ ಹೇಳಿದ್ದು ನಿಜವೇ ಆಗಿದ್ದರೆ, ಮೋಸಹೋದೆ ಎಂದು ಶಾಪ ಹಾಕುವ ಎಲ್ಲ ಹಕ್ಕು ಅವರಿಗಿತ್ತು. ಹಾಗೆ ಮಾಡದೆ, ಆ ಗಂಡಸನ್ನು ಸುಳ್ಳಿಗೆ ದೂಡಿದ ಏರ್ಪಾಟಿನತ್ತ ಬೆರಳು ತೋರಿಸುವ ಪುಸ್ತಕ ಬರೆದರು. ಹೇಳಿದ್ದು ಸುಳ್ಳಾಗಿದ್ದರೆ, ಹಕ್ಕಿನ ಪುಸ್ತಕವೊಂದಕ್ಕೆ ಬೆಂಬಲವಾಗಿ ಒಬ್ಬನ ಬಾಳನ್ನು ಬಳಸಿಕೊಂಡರು. ಈ ಎರಡು ಸಾಧ್ಯತೆಗಳನ್ನೂ ಒಟ್ಟಿಗೆ ಇಟ್ಟುಕೊಂಡೇ ಅವರನ್ನು ಓದಬೇಕಾಗಿದೆ. ಅವರನ್ನು ಸಂತಳನ್ನಾಗಿಸುವ ಅವಸರ ನನಗಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ 377ರ ಹಲ್ಲು ಕಿತ್ತರು. ಈ ಜನರ ಕ್ಷಮೆ ಕೇಳಬೇಕಾದ ಋಣ ಇತಿಹಾಸಕ್ಕಿದೆ ಎಂದು ಪೀಠದಲ್ಲಿದ್ದ ಇಂದು ಮಲ್ಹೋತ್ರಾ ಬರೆದರು. ಶಕುಂತಲಾ ದೇವಿ ಕೇಳಿದ್ದ ಎರಡರಲ್ಲಿ ಮೊದಲನೆಯದು ಸಿಕ್ಕಿದ್ದು ಹಾಗೆ, 41 ವರ್ಷಕ್ಕೆ. ಎರಡನೆಯದನ್ನು ಯಾವ ಕೋರ್ಟೂ ಕೊಡಲಾರದು, ಆದರೂ ಅದರ ಒಂದು ತುಣುಕು ಕೋರ್ಟಿನ ಮುಂದೆ ಬಂತು: ಮದುವೆ. 2023ರ ಅಕ್ಟೋಬರ್ 17ರಂದು ಇನ್ನೊಂದು ಐವರ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದಿತು. ಮದುವೆಯಲ್ಲದ ಇನ್ನಾವುದಾದರೂ ಕಾನೂನು ಮಾನ್ಯತೆಯನ್ನೂ ಮೂವರು ಒಪ್ಪಲಿಲ್ಲ, ಇಬ್ಬರು ಒಪ್ಪಿದರು. ಶಕುಂತಲಾ ದೇವಿಯವರ ಪುಸ್ತಕದಲ್ಲಿ, ಮದುವೆಗಾಗಿ ಓಡಾಡುತ್ತಿದ್ದ ಕೆನಡಾದ ಆ ಜೋಡಿಯ ಮಾತು ಅಚ್ಚಾಗಿದ್ದು 1977ರಲ್ಲಿ. ಅವರ ಕೆನಡಾ ದೇಶವ್ಯಾಪಿಯಾಗಿ ಅಂಥ ಮದುವೆಯನ್ನು ಕಾನೂನುಬದ್ಧಗೊಳಿಸಿದ್ದು 2005ರಲ್ಲಿ. ಅದೇ ಪುಸ್ತಕದಲ್ಲಿ ಮಾತಾಡಿದ ಭಾರತದ ಇಬ್ಬರು ತರುಣರು ಬದುಕಿದ್ದರೆ ಈಗ ಎಪ್ಪತ್ತರ ಆಸುಪಾಸಿನಲ್ಲಿರುತ್ತಾರೆ. ಬ್ಯಾಂಕಿನ ನಾಮಿನಿ ಅರ್ಜಿಯಲ್ಲಿ ‘ಸಂಬಂಧ’ ಎಂಬ ಖಾನೆ ಬಂದಾಗ ಅವರ ವಯಸ್ಸಿನ ಜೋಡಿಗಳು ಇವತ್ತಿಗೂ ‘ಸ್ನೇಹಿತ’ ಎಂದೇ ತುಂಬುತ್ತಾರೆ.